ಸಮಾನ ಕಷ್ಟವುಳ್ಳವರ ಗೆಳೆತನ



ಮನುಷ್ಯನು ತನ್ನ ತಂದೆತಾಯಿಗಳನ್ನು ಆರಿಸಿಕೊಳ್ಳಲಾರನು; ತಾನು ಹುಟ್ಟುವ ಊರನ್ನೂ ಆರಿಸಿಕೊಳ್ಳಲಾರನು. ಆರಿಸಿಕೊಳ್ಳುವದಕ್ಕೆ ಅವನ ಕೈಯಲ್ಲಿರುವ ಸಂಗತಿಗಳು ಕೆಲವೇ. ಅವುಗಳಲ್ಲಿ ಗೆಳೆತನವು ಒಂದು. ಆದರೆ ನಮ್ಮ ಹಳ್ಳಿಗಳಲ್ಲಿ ಕೆಲವರಿಗೆ ಈ ಸ್ವಾತಂತ್ರ್ಯವೂ ದೊರೆಯುವದಿಲ್ಲ. ಉಗ್ಗಿ ಮಾತಾಡುವ ಹುಡುಗನು, ಆಗಾಗ್ಗೆ ಮೂರ್ಛೆ ಬರುವ ಹುಡುಗಿಯು, ಕಿವಿ ಕೇಳದವನು, ಹತ್ತು ಜನರ ನಡುವೆ ಕುಳಿತರೆ ಕಂಗೆಟ್ಟು ಮೂಲೆ ಸೇರುವವನು, ಇಂಥವರಲ್ಲಿ ಒಬ್ಬನು ತನ್ನಂತೆಯೇ ಇರುವ ಮತ್ತೊಬ್ಬನನ್ನು ಕಂಡು ಅವನ ಬಳಿಗೆ ಹೋದರೆ ಹಿರಿಯರು ತಡೆಯುತ್ತಾರೆ. "ಅವನ ಕೂಡ ಯಾಕೆ ಅಡ್ಡಾಡುತ್ತೀ? ನೆಟ್ಟಗಿರುವ ಹುಡುಗರ ಕೂಡ ಇರು" ಎನ್ನುತ್ತಾರೆ. ನೆಟ್ಟಗಿರುವ ಹುಡುಗರೋ ಅವನನ್ನು ಆಟಕ್ಕೆ ಕರೆಯುವದಿಲ್ಲ. ಹೀಗೆ ಅವನು ಎರಡು ಕಡೆಯಲ್ಲಿಯೂ ಹೊರಗಿನವನಾಗಿ, ಜನ ತುಂಬಿದ ಊರಲ್ಲಿ ಒಬ್ಬಂಟಿಗನಾಗಿ ಬೆಳೆಯುತ್ತಾನೆ.

ಆದಕಾರಣ ಈ ಸಾರಿ ನಾವು ವಿಚಾರಿಸತಕ್ಕ ಪ್ರಶ್ನೆ ಏನಂದರೆ: ದೇಹದಲ್ಲಾಗಲಿ, ನರಮಂಡಲದಲ್ಲಾಗಲಿ, ಜನರೊಡನೆ ಬೆರೆಯುವದರಲ್ಲಾಗಲಿ ಒಂದು ವಿಶೇಷ ಕಷ್ಟವುಳ್ಳವನು ಅದೇ ಕಷ್ಟವುಳ್ಳವರನ್ನು ಗೆಳೆಯರನ್ನಾಗಿ ಆರಿಸಿಕೊಳ್ಳುವದು ಒಳ್ಳೇದೋ? ಅದು ಅವನಿಗೆ ಬಲವಾಗುವದೋ, ಬಂಧನವಾಗುವದೋ?

ಒಳ್ಳೇದಲ್ಲವೆಂದು ಹೇಳುವವರ ಮಾತನ್ನು ಮೊದಲು ಕೇಳೋಣ. ಅವರು ಮೂರು ಕಾರಣಗಳನ್ನು ಮುಂದಿಡುತ್ತಾರೆ. ಒಂದನೆಯದು, ಸಂಗದಿಂದ ಕಷ್ಟವು ಹೆಚ್ಚುವದು. ಉಗ್ಗುವವನ ಸಂಗಡ ಇದ್ದವನು ಇನ್ನಷ್ಟು ಉಗ್ಗುವನು, ಮೂರ್ಛೆ ಬಿದ್ದವಳನ್ನು ಮುಟ್ಟಿದರೆ ಆ ರೋಗವು ಅಂಟುವದು ಎಂಬದು. ಎರಡನೆಯದು, ಬಲಹೀನರಿಬ್ಬರು ಕೂಡಿದರೆ ಬಲವು ಹುಟ್ಟದು. ಕುರುಡನು ಕುರುಡನಿಗೆ ದಾರಿ ತೋರಿಸಿದರೆ ಇಬ್ಬರೂ ಕುಣಿಯಲ್ಲಿ ಬೀಳುವರು ಎಂಬದು. ಮೂರನೆಯದನ್ನು ಬಾಯಿಬಿಟ್ಟು ಹೇಳುವದು ಕಡಿಮೆ, ಆದರೆ ಮನಸ್ಸಿನಲ್ಲಿ ಅದೇ ದೊಡ್ಡದು: ಇಬ್ಬರನ್ನೂ ಒಟ್ಟಿಗೆ ಕಂಡವರು ನಮ್ಮ ಮಗನೂ ಅಂಥವನೇ ಎಂದು ತಿಳಿಯುವರು, ನಾಳೆ ಲಗ್ನದ ಮಾತು ಬಂದಾಗ ಅದೇ ಅಡ್ಡಿಯಾಗುವದು ಎಂಬದು.

ಒಂದನೆಯ ಕಾರಣಕ್ಕೆ ವೈದ್ಯಶಾಸ್ತ್ರವೇ ಉತ್ತರ ಕೊಟ್ಟಿದೆ. ಮೂರ್ಛೆರೋಗವು ಅಂಟುರೋಗವಲ್ಲ, ಮುಟ್ಟುವದರಿಂದಾಗಲಿ, ಒಂದೇ ತಟ್ಟೆಯಲ್ಲಿ ಉಣ್ಣುವದರಿಂದಾಗಲಿ ಅದು ಬರುವದಿಲ್ಲ. ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಈ ವ್ಯಾಧಿ ಇದೆಯೆಂದೂ, ತಕ್ಕ ಔಷಧವನ್ನು ತಪ್ಪದೆ ಸೇವಿಸಿದರೆ ಅವರಲ್ಲಿ 100ಕ್ಕೆ 70ರ ವರೆಗೆ ಮೂರ್ಛೆಯಿಲ್ಲದೆ ಬಾಳಬಹುದೆಂದೂ ವಿಶ್ವ ಆರೋಗ್ಯ ಸಂಸ್ಥೆಯವರು ತಿಳಿಸುತ್ತಾರೆ. ಉಗ್ಗೂ ನೋಡಿ ಕಲಿಯುವ ಚಾಳಿಯಲ್ಲ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಸ್ಥಳಗಳಲ್ಲಿ ಅದಕ್ಕೆ ಉಪಚಾರವುಂಟು. ಆದದರಿಂದ ಸಂಗದ ಭಯವನ್ನು ಇಲ್ಲಿಗೇ ಬಿಡಬಹುದು.

ಎರಡನೆಯ ಕಾರಣವು ಇಷ್ಟು ಬೇಗನೆ ಬಿಟ್ಟುಬಿಡತಕ್ಕದ್ದಲ್ಲ. ಬಲಹೀನರಿಬ್ಬರು ಕೂಡಿದರೆ ಬಲವು ಹುಟ್ಟುವದೋ ಎಂಬ ಪ್ರಶ್ನೆಗೆ ಉತ್ತರವನ್ನು ನಾವು ದೂರದಲ್ಲಿ ಹುಡುಕಬೇಕಾಗಿಲ್ಲ. ಗದಗಿನ ಸಮೀಪದಲ್ಲಿರುವ ಕಣಗಿನಹಾಳವೇ ಅದಕ್ಕೆ ಸಾಕ್ಷಿ.

ನೂರು ವರುಷಗಳಿಗೂ ಹಿಂದೆ ನಮ್ಮ ಎರೆಸೀಮೆಯ ಒಕ್ಕಲಿಗನ ಸ್ಥಿತಿ ಹೇಗಿತ್ತೆಂದು ಹಿರಿಯರಿಂದ ಕೇಳಿದವರು ಬಲ್ಲರು. ಮಳೆ ಹೋದರೆ ಸಾಲ, ಎತ್ತು ಸತ್ತರೆ ಸಾಲ, ಬೀಜಕ್ಕೆ ಸಾಲ. ಸಾಲ ಕೊಡುವವನು ಕೇಳಿದ ಬಡ್ಡಿಯೇ ಬಡ್ಡಿ. ಒಬ್ಬ ಸಾಲಗಾರನು ಮತ್ತೊಬ್ಬ ಸಾಲಗಾರನಿಗೆ ಏನು ಸಹಾಯ ಮಾಡಬಲ್ಲನು ಎಂದು ಆಗಲೂ ಕೇಳಿದವರಿದ್ದರು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಹುಟ್ಟಿತು. ಕಣಗಿನಹಾಳದ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಮುಂದಾಗಿ ತಮ್ಮೂರಿನ ಒಕ್ಕಲಿಗರನ್ನು ಕೂಡಿಸಿದರು. 1905ನೆಯ ಮೇ 8ರಂದು ಅಲ್ಲಿಯ ಸಂಘವು ನೋಂದಣಿಯಾಯಿತು. ಇದು ಇಡೀ ಹಿಂದುಸ್ಥಾನದಲ್ಲಿ ಮೊದಲನೆಯ ಕೃಷಿ ಪತ್ತಿನ ಸಹಕಾರಿ ಸಂಘವೆಂದು ಹೆಸರಾಯಿತು.

ಆ ಕಾಯಿದೆಯಲ್ಲಿ ಒಂದು ವಿಶೇಷವಿತ್ತು. ಹಳ್ಳಿಯ ಸಂಘದಲ್ಲಿ ಸಾಮಾನ್ಯವಾಗಿ ಪ್ರತಿಯೊಬ್ಬನೂ ಉಳಿದವರೆಲ್ಲರ ಸಾಲಕ್ಕೆ ಮಿತಿಯಿಲ್ಲದ ಹೊಣೆಗಾರನು. ಇದು ಭಯಂಕರವಾದ ಕರಾರೆಂದು ತೋರಬಹುದು. ಆದರೆ ಅದರ ಬಲವೂ ಅದರಲ್ಲೇ ಇತ್ತು. ಒಂದೇ ಊರಿನವರು, ಒಂದೇ ಮಳೆಯನ್ನು ನಂಬಿದವರು, ಯಾರು ದುಡಿಯುವವರು ಯಾರು ಕುಡಿಯುವವರು, ಯಾರಿಗೆ ನಿಜವಾಗಿ ಎತ್ತು ಬೇಕು ಯಾರಿಗೆ ಬರಿಯ ಜಂಭ ಬೇಕು ಎಂಬದನ್ನು ಒಬ್ಬರಿಗೊಬ್ಬರು ಬಲ್ಲರು. ದೂರದ ಧನಿಕನಿಗೆ ದುಡ್ಡಿತ್ತು, ಈ ತಿಳುವಳಿಕೆ ಇರಲಿಲ್ಲ. ಆ ತಿಳುವಳಿಕೆಯೇ ಸಂಘದ ಮೂಲಧನವಾಯಿತು.

ಈ ಬಗೆಯ ಸಂಘಕ್ಕೆ ದಾರಿ ತೋರಿಸಿದವನು ಜರ್ಮನಿಯ ಫ್ರೀಡ್ರಿಕ್ ವಿಲ್ಹೆಲ್ಮ್ ರೈಫೈಸೆನ್ ಎಂಬವನು. ಹಳ್ಳಿಗಾಡಿನಲ್ಲಿ ಅಧಿಕಾರಿಯಾಗಿದ್ದ ಅವನು ಮೊದಮೊದಲು ಉಳ್ಳವರನ್ನು ಕೂಡಿಸಿ ಇಲ್ಲದವರಿಗೆ ಧರ್ಮ ಮಾಡಿಸಿದನು. ಉಳ್ಳವರ ಉತ್ಸಾಹವು ಬಹುಕಾಲ ನಿಲ್ಲಲಿಲ್ಲ. ಆಗ ಅವನು 1864ರಲ್ಲಿ ಹೆಡ್ಡೆಸ್‌ಡಾರ್ಫ್ ಎಂಬಲ್ಲಿ ಸಾಲ ಬೇಕಾದವರನ್ನೇ ಸದಸ್ಯರನ್ನಾಗಿ ಮಾಡಿದ ಸಂಘವನ್ನು ಕಟ್ಟಿದನು. ಅದು ನಿಂತಿತು. ಅಷ್ಟರಲ್ಲಿ ಅವನ ದೃಷ್ಟಿಯು ಬಹಳ ಮಂದವಾಗಿತ್ತು. 1866ರಲ್ಲಿ ಪ್ರಕಟವಾದ ತನ್ನ ಪುಸ್ತಕವನ್ನು ಅವನು ಮಗಳಿಗೆ ಹೇಳಿ ಬರೆಯಿಸಿದನು. ಮೇಲಿನಿಂದ ಕೈ ಚಾಚುವವನ ದಯೆ ಒಂದು. ಅದೇ ಹೊರೆಯನ್ನು ಹೊತ್ತು ಪಕ್ಕದಲ್ಲಿ ನಡೆಯುವವನ ಸಹಾಯ ಇನ್ನೊಂದು. ಎರಡೂ ಬೇಕು, ಆದರೆ ಎರಡನೆಯದನ್ನು ಪಡೆಯುವವನು ತಲೆ ತಗ್ಗಿಸಬೇಕಾಗಿಲ್ಲ, ಯಾಕಂದರೆ ನಾಳೆ ಅವನೂ ಅದನ್ನು ಕೊಡುವವನಾಗಿರುವನು.

ಇನ್ನು ಕುರುಡನು ಕುರುಡನಿಗೆ ದಾರಿ ತೋರಿಸುವ ಮಾತು. ವೇದಪುಸ್ತಕವನ್ನು ಓದಿದವರಿಗೆ ಆ ಸಾಮ್ಯವು ಪರಿಚಿತವಾಗಿದೆ. ಆದರೆ ಅದು ಹೇಳಲ್ಪಟ್ಟದ್ದು ತಮಗೆ ಎಲ್ಲವೂ ಕಾಣುತ್ತದೆಂದು ಹೆಮ್ಮೆಪಡುತ್ತಿದ್ದ ಬೋಧಕರ ವಿಷಯವಾಗಿ. ಕಣ್ಣಿಲ್ಲದ ಬಡವನನ್ನು ಹಳಿಯುವದಕ್ಕೆ ಅದನ್ನು ಉಪಯೋಗಿಸುವದು ನ್ಯಾಯವಲ್ಲ. ಮೈಯ ಕಣ್ಣಿಲ್ಲದವನು ಮತ್ತೊಬ್ಬ ಕಣ್ಣಿಲ್ಲದವನಿಗೆ ದಾರಿ ತೋರಿಸಿದ್ದನ್ನು ನೋಡಬೇಕಾದರೆ ಗದಗ ಪೇಟೆಗೆ ಹೋದರೆ ಸಾಕು.

ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳು ಹುಟ್ಟುಕುರುಡರು. ಅವರ ಅಣ್ಣನಿಗೂ ದೃಷ್ಟಿಯಿರಲಿಲ್ಲ. ಇಬ್ಬರು ಮಕ್ಕಳು ಕೂಡಿ ಹಾಡುತ್ತಿದ್ದರು. ಹಾನಗಲ್ಲ ಕುಮಾರಸ್ವಾಮಿಗಳು ಅವರ ಕಂಠವನ್ನು ಮೆಚ್ಚಿ ಸಂಗೀತವನ್ನು ಕಲಿಸುವ ಏರ್ಪಾಡು ಮಾಡಿದರು. ಪಂಚಾಕ್ಷರಿಗಳು ವಿದ್ಯೆ ಸಂಪಾದಿಸಿದ ಮೇಲೆ ತನ್ನೊಬ್ಬನ ಹೊಟ್ಟೆ ತುಂಬಿದರೆ ಸಾಕೆನ್ನದೆ ಕಣ್ಣಿಲ್ಲದ ಹುಡುಗರನ್ನು ಕೂಡಿಸಿಕೊಂಡು ಊರೂರು ತಿರುಗಿ ಕಲಿಸಿದರು; ಕಡೆಗೆ ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವು ನೆಲೆಗೊಂಡಿತು. 1944ರಲ್ಲಿ ಅವರು ತೀರಿಹೋದಾಗ ಶಿಷ್ಯರಾದ ಪುಟ್ಟರಾಜ ಗವಾಯಿಗಳು ಆ ಹೊರೆಯನ್ನು ಹೊತ್ತರು. 1914ರಲ್ಲಿ ಹುಟ್ಟಿದ ಇವರೂ ಹಸುಗೂಸಾಗಿದ್ದಾಗಲೇ ದೃಷ್ಟಿ ಕಳೆದುಕೊಂಡವರು. 2010ರಲ್ಲಿ ತೀರಿಹೋಗುವ ವರೆಗೆ ಅವರು ಆ ಮನೆಯನ್ನು ನಡಿಸಿದರು. ಅದೇ ವರುಷ ಸರಕಾರವು ಅವರಿಗೆ ಪದ್ಮಭೂಷಣವನ್ನು ಕೊಟ್ಟಿತ್ತು. ಅದು ನಮ್ಮ ಮತದವರ ಸಂಸ್ಥೆಯಲ್ಲ. ಆದಾಗ್ಯೂ ಒಳ್ಳೇದು ಎಲ್ಲಿ ಕಂಡರೂ ಅದನ್ನು ಒಳ್ಳೇದೆನ್ನತಕ್ಕದ್ದು. ಇಲ್ಲಿ ಕುರುಡನು ಕುರುಡನನ್ನು ನಡಿಸಿದನು, ಇಬ್ಬರೂ ಕುಣಿಯಲ್ಲಿ ಬೀಳಲಿಲ್ಲ. ಯಾಕಂದರೆ ಬೆರಳುಗಳಿಂದ ವಾದ್ಯದ ಮನೆಗಳನ್ನು ಗುರುತಿಸುವದು ಹೇಗೆ, ಕೇಳಿದ್ದನ್ನೇ ಕಂಠಪಾಠ ಮಾಡುವದು ಹೇಗೆ ಎಂಬದನ್ನು ಕಣ್ಣಿಲ್ಲದೆ ಕಲಿತವನಷ್ಟು ಚೆನ್ನಾಗಿ ಕಣ್ಣುಳ್ಳವನು ಕಲಿಸಲಾರನು.

ಕುರುಡು, ಸಾಲ ಇವು ಹೊರಗೆ ಕಾಣುವ ಕಷ್ಟಗಳು. ಕಾಣದ ಕಷ್ಟಗಳೂ ಉಂಟು. ಸ್ವಲೀನತೆ, ಅಂದರೆ ವೈದ್ಯರು ಆಟಿಸಮ್ ಎಂದು ಕರೆಯುವ ಸ್ಥಿತಿಯವರನ್ನು ನಮ್ಮ ಹಳ್ಳಿಗಳಲ್ಲಿ ಮೊದ್ದರೆಂದೋ ಸೊಕ್ಕಿನವರೆಂದೋ ಕರೆದುಬಿಡುತ್ತಾರೆ. ಅಂಥವನು ಎದುರಿನವರ ಮುಖ ನೋಡಿ ಮಾತಾಡಲಾರನು. ಸುತ್ತುಮಾತು ಅವನಿಗೆ ತಿಳಿಯದು. ತಾಶೆ ಡೋಲುಗಳ ಸಪ್ಪಳವನ್ನು ತಾಳಲಾರನು. ತನಗೆ ಪ್ರಿಯವಾದ ಒಂದೇ ವಿಷಯವನ್ನು ದಿನವೆಲ್ಲಾ ಹೇಳಬಲ್ಲನು. ಇಂಥವರಿಗೆ ಮನುಷ್ಯರ ಸಂಬಂಧವೇ ಬೇಡವೆಂದು ಬಹುಕಾಲ ತಿಳಿಯಲಾಗಿತ್ತು. 2012ರಲ್ಲಿ ಡೇಮಿಯನ್ ಮಿಲ್ಟನ್ ಎಂಬ ಆಂಗ್ಲ ಪಂಡಿತನು, ತಾನೂ ಆ ಸ್ಥಿತಿಯವನೇ, ಒಂದು ಹೊಸ ಮಾತನ್ನು ಮುಂದಿಟ್ಟನು: ಅವರು ನಮ್ಮನ್ನು ಅರಿಯಲಾರರು ಎಂಬದು ಅರ್ಧ ಸತ್ಯ, ನಾವೂ ಅವರನ್ನು ಅರಿಯಲಾರೆವು, ಕೊರತೆಯು ಇಬ್ಬರ ನಡುವೆ ಇದೆ.

ಈ ಮಾತನ್ನು ಎಡಿನ್‌ಬರೋದ ಪಂಡಿತರು ಪರೀಕ್ಷಿಸಿದರು. ಒಬ್ಬನ ಕಿವಿಗೆ ಒಂದು ಕಥೆಯನ್ನು ಹೇಳಿ, ಅವನು ಮುಂದಿನವನಿಗೆ, ಅವನು ಅದರ ಮುಂದಿನವನಿಗೆ ಹೇಳುತ್ತಾ ಹೋಗುವಂತೆ ಎಂಟೆಂಟು ಜನರ ಸಾಲುಗಳನ್ನು ಮಾಡಿದರು. 2020ರಲ್ಲಿ ಅವರು ಪ್ರಕಟಿಸಿದ ಪ್ರಕಾರ, ಸ್ವಲೀನತೆಯವರೇ ಇದ್ದ ಸಾಲು ಇತರರೇ ಇದ್ದ ಸಾಲಿನಷ್ಟೇ ಚೆನ್ನಾಗಿ ಕಥೆಯನ್ನು ಸಾಗಿಸಿತು. ಎರಡೂ ಬಗೆಯವರು ಬೆರೆತ ಸಾಲಿನಲ್ಲಿ ಕಥೆಯು ಹೆಚ್ಚು ಸೋರಿತು. 2025ರಲ್ಲಿ ಪ್ರಕಟವಾದ ಇನ್ನೂ ದೊಡ್ಡ ಪರೀಕ್ಷೆಯಲ್ಲಿ ಬೆರೆತ ಸಾಲೂ ಹಿಂದೆ ಬೀಳಲಿಲ್ಲ. ಆದದರಿಂದ ಬೆರೆತು ನಡೆಯುವದು ಅಸಾಧ್ಯವೆಂದು ಯಾರೂ ಹೇಳಲಾಗದು. ಆದರೆ ಎರಡು ಪರೀಕ್ಷೆಗಳೂ ಒಂದನ್ನು ಸ್ಪಷ್ಟಪಡಿಸಿದವು: ಮೊದ್ದರೆಂದು ನಾವು ಬದಿಗಿಟ್ಟವರು ತಮ್ಮತಮ್ಮೊಳಗೆ ಮಾತು ಕೊಟ್ಟು ತಕ್ಕೊಳ್ಳುವದರಲ್ಲಿ ಯಾರಿಗೂ ಕಡಿಮೆಯಲ್ಲ. ಹಾಗಾದರೆ ದಿನವೆಲ್ಲಾ ಬೇರೆಯವರ ಮಾತಿನ ಧಾಟಿಯನ್ನು ಅನುಕರಿಸಿ ದಣಿದವನು ಸಾಯಂಕಾಲ ತನ್ನಂಥ ಒಬ್ಬನ ಬಳಿಯಲ್ಲಿ ಸುಮ್ಮನೆ ಕುಳಿತು ದಣಿವಾರಿಸಿಕೊಳ್ಳುವದನ್ನು ನಾವು ಯಾಕೆ ತಡೆಯಬೇಕು?

ಇಷ್ಟು ಹೇಳಿದ ಮೇಲೆ, ಈ ಗೆಳೆತನದಲ್ಲಿ ಅಪಾಯವೇ ಇಲ್ಲವೆಂದು ಹೇಳಿದರೆ ಅದು ಸತ್ಯವಾಗದು. ಕಣಗಿನಹಾಳದ ಸಂಘದಂಥವುಗಳಿಗೆ ಒಂದು ಸಹಜವಾದ ಬಲಹೀನತೆ ಇತ್ತು. ಎಲ್ಲರೂ ಒಂದೇ ಮಳೆಯನ್ನು ನಂಬಿದವರಾದದರಿಂದ, ಬರ ಬಂದ ವರುಷ ಎಲ್ಲರ ಕೈಯೂ ಏಕಕಾಲಕ್ಕೆ ಬರಿದಾಗುವದು. ಆಗ ಯಾರು ಯಾರಿಗೆ ಕೊಡಬೇಕು? ಇದನ್ನು ಅರಿತೇ 1912ರ ಕಾಯಿದೆಯಲ್ಲಿ ಸಂಘಗಳು ಕೂಡಿ ಒಕ್ಕೂಟಗಳನ್ನೂ ಮಧ್ಯವರ್ತಿ ಬ್ಯಾಂಕುಗಳನ್ನೂ ಕಟ್ಟಿಕೊಳ್ಳುವದಕ್ಕೆ ಅವಕಾಶ ಕೊಡಲಾಯಿತು. ಗೆಳೆತನವೂ ಹಾಗೆಯೇ. ಎದೆಗುಂದಿದ ಇಬ್ಬರು ಒಬ್ಬರಿಗೊಬ್ಬರು ದುಃಖವನ್ನೇ ಹೇಳಿಕೊಳ್ಳುತ್ತಾ ಕುಳಿತರೆ ಬರದ ವರುಷದಲ್ಲಿ ಇಬ್ಬರೂ ಒಟ್ಟಿಗೆ ಮುಳುಗುವರು. ಬೇರೆ ಮಳೆಯನ್ನು ಕಂಡ ಮೂರನೆಯವನೊಬ್ಬನು ಅವರಿಗೆ ಬೇಕು.

ಇದಕ್ಕಿಂತ ಘೋರವಾದ ಅಪಾಯವೂ ಉಂಟು. ಜರ್ಮನಿಯ ಬೀಲೆಫೆಲ್ಡ್ ಎಂಬಲ್ಲಿ 1867ರಲ್ಲಿ ಪ್ರೊಟೆಸ್ಟಂಟರು ಮೂರ್ಛೆರೋಗಿಗಳಿಗಾಗಿ ಬೇಥೆಲ್ ಎಂಬ ಮನೆಯನ್ನು ಸ್ಥಾಪಿಸಿದರು. 1872ರಿಂದ ಪಾದ್ರಿ ಬೋಡೆಲ್‌ಶ್ವಿಂಗ್ ಅದರ ಮುಖ್ಯಸ್ಥರಾಗಿ, ಎಲ್ಲೆಲ್ಲಿಯೂ ತಳ್ಳಲ್ಪಟ್ಟವರಿಗೆ ಮನೆಯನ್ನೂ ಕೆಲಸವನ್ನೂ ಒದಗಿಸಿದರು. ಅದು ದೊಡ್ಡ ಉಪಕಾರವು. ಆದರೆ ಇಂಥ ಮನೆಗಳು ದೇಶದಲ್ಲೆಲ್ಲಾ ಹೆಚ್ಚಿದಂತೆ ರೋಗಿಗಳು ನೆರೆಯವರ ಕಣ್ಣಿಗೆ ಬೀಳದೆ ಹೋದರು. 1940-41ರಲ್ಲಿ ನಾಜಿ ಸರಕಾರವು ಇಂಥವರು ದೇಶಕ್ಕೆ ಭಾರವೆಂದು ನಿರ್ಣಯಿಸಿ, ನಾನಾ ಆಶ್ರಯಸ್ಥಾನಗಳಿಂದ 70,000ಕ್ಕಿಂತ ಹೆಚ್ಚು ಜನರನ್ನು ಎತ್ತಿಕೊಂಡು ಹೋಗಿ ಕೊಂದಿತು. ತಮ್ಮ ಬೀದಿಯಲ್ಲಿ ತಮ್ಮ ನೆರೆಯವರ ನಡುವೆ ಇದ್ದವರನ್ನು ಅಷ್ಟು ಸುಲಭವಾಗಿ ಎಣಿಸಿ ಒಯ್ಯಲಾಗುತ್ತಿರಲಿಲ್ಲ. ಸಮಾನ ಕಷ್ಟವುಳ್ಳವರು ಕೂಡುವದು ಒಂದು ಮಾತು. ಉಳಿದವರು ಅವರನ್ನು ಕೂಡಿಹಾಕಿ ಮರೆತುಬಿಡುವದು ಬೇರೆ ಮಾತು.

ಇಲ್ಲಿಯೇ ನಮ್ಮ ಪ್ರಶ್ನೆಯ ಗಂಟು ಇದೆಯೆಂದು ನಮಗೆ ತೋರುತ್ತದೆ. ಗೆಳೆಯನನ್ನು ಆರಿಸಿದವರು ಯಾರು? ಲೂಕನ ಸುವಾರ್ತೆಯಲ್ಲಿ ಹತ್ತು ಮಂದಿ ಕುಷ್ಠರೋಗಿಗಳು ಒಟ್ಟಿಗೆ ಇದ್ದದ್ದನ್ನು ಓದುತ್ತೇವೆ. ಅವರಲ್ಲಿ ಒಬ್ಬನು ಸಮಾರ್ಯದವನು. ಆರೋಗ್ಯವಂತರಾಗಿದ್ದರೆ ಯೆಹೂದ್ಯರು ಅವನೊಡನೆ ಬಳಕೆ ಮಾಡುತ್ತಿರಲಿಲ್ಲ. ಕಷ್ಟವು ಆ ಗೋಡೆಯನ್ನು ಕೆಡವಿತು. ಇದು ಸಮಾನ ಕಷ್ಟದ ಒಳ್ಳೇ ಫಲವು. ಆದರೆ ಆ ಹತ್ತು ಮಂದಿ ಒಬ್ಬರನ್ನೊಬ್ಬರು ಆರಿಸಿಕೊಂಡವರಲ್ಲ. ಊರು ಅವರನ್ನು ಹೊರಗಟ್ಟಿತ್ತು. ಶುದ್ಧರಾದ ಮೇಲೆ ಒಂಭತ್ತು ಮಂದಿ ತಮ್ಮ ದಾರಿ ಹಿಡಿದರು, ಸಮಾರ್ಯದವನೊಬ್ಬನೇ ಹಿಂದಿರುಗಿ ಬಂದನು. ಕಷ್ಟವೊಂದೇ ಕಟ್ಟಿದ ಗಂಟು ಕಷ್ಟವು ಹೋದ ಕೂಡಲೇ ಬಿಚ್ಚಿಹೋಗುವದೆಂದು ಇದರಿಂದ ನಾವು ತಿಳುಕೊಳ್ಳಬಹುದು.

ಆದಕಾರಣ ಇಂಥ ಗೆಳೆತನವನ್ನು ಮೂರು ಪ್ರಶ್ನೆಗಳಿಂದ ಪರೀಕ್ಷಿಸಬೇಕೆಂದು ನಾವು ಹೇಳುತ್ತೇವೆ. ಮೊದಲನೆಯದು, ಅದು ಅವನೇ ಆರಿಸಿಕೊಂಡದ್ದೋ? ಉಗ್ಗುವವನಿಗೆ "ಉಗ್ಗುವವನೇ ನಿನಗೆ ತಕ್ಕ ಜೋಡಿ" ಎಂದು ಹೇಳುವದು ಅವನನ್ನು ತಡೆಯುವಷ್ಟೇ ಅನ್ಯಾಯವು. ಎರಡನೆಯದು, ಕಷ್ಟದ ಎಳೆಯ ಸಂಗಡ ಇನ್ನೊಂದು ಎಳೆ ಇದೆಯೋ? ಪುಣ್ಯಾಶ್ರಮದಲ್ಲಿ ಕುರುಡಿನ ಸಂಗಡ ಸಂಗೀತವಿತ್ತು. ಕಣಗಿನಹಾಳದಲ್ಲಿ ಸಾಲದ ಸಂಗಡ ಒಕ್ಕಲುತನವಿತ್ತು. ಗೆಳೆಯರಿಬ್ಬರಿಗೂ ಒಂದು ಕೆಲಸ, ಒಂದು ಆಟ, ನಗುವದಕ್ಕೆ ಒಂದು ಸಂಗತಿ ಇದ್ದರೆ ಆ ಹಗ್ಗವು ಗಟ್ಟಿಯಾಗುವದು. ಮೂರನೆಯದು, ಬಾಗಿಲು ತೆರೆದಿದೆಯೋ? ಪುಣ್ಯಾಶ್ರಮದ ಗುರುಗಳ ಬಳಿಯಲ್ಲಿ ಬಸವರಾಜ ರಾಜಗುರು ಅವರಂಥ ಕಣ್ಣುಳ್ಳವರೂ ಬಂದು ಕಲಿತರು. ಅಲ್ಲಿ ಕಣ್ಣಿಲ್ಲದವನು ಬರಿಯ ದಯೆಗೆ ಪಾತ್ರನಾಗಿ ಉಳಿಯದೆ ಕಣ್ಣುಳ್ಳವನಿಗೂ ಗುರುವಾದನು.

ಮೂರನೆಯ ಆಕ್ಷೇಪವು ಉಳಿಯಿತು, ಅಂದರೆ ನಾಚಿಕೆ. ತಂದೆತಾಯಿಗಳ ಈ ಭಯವನ್ನು ನಾವು ಹಾಸ್ಯ ಮಾಡುವದಿಲ್ಲ. ಅದಕ್ಕೆ ಕಾರಣವಾದವರು ನೆರೆಹೊರೆಯವರಾದ ನಾವೇ. ಹೀಗಿರಬೇಕಾಗಿಲ್ಲವೆಂಬದಕ್ಕೆ ಒಂದು ದೃಷ್ಟಾಂತವುಂಟು. ಅಮೇರಿಕಾ ದೇಶದ ಮಾರ್ಥಾಸ್ ವಿನ್‌ಯಾರ್ಡ್ ಎಂಬ ದ್ವೀಪದಲ್ಲಿ ವಂಶಪಾರಂಪರ್ಯವಾಗಿ ಕಿವುಡು ಹೆಚ್ಚಾಗಿತ್ತು. ಹತ್ತೊಂಭತ್ತನೆಯ ಶತಮಾನದಲ್ಲಿ ಚಿಲ್‌ಮಾರ್ಕ್ ಎಂಬ ಊರಲ್ಲಿ ಸುಮಾರು 25 ಮಂದಿಗೆ ಒಬ್ಬನು ಕಿವುಡನು. ಅಲ್ಲಿ ಕಿವಿ ಕೇಳುವವರೂ ಚಿಕ್ಕಂದಿನಿಂದಲೇ ಕೈಸನ್ನೆಯ ಭಾಷೆಯನ್ನು ಕಲಿತರು. ಮೀನು ಹಿಡಿಯುವಾಗಲೂ ಅಂಗಡಿಯಲ್ಲಿಯೂ ಅದನ್ನೇ ಆಡಿದರು. ಕಿವುಡರು ಲಗ್ನವಾದರು, ದುಡಿದರು, ಊರಿನ ಕೆಲಸಗಳಲ್ಲಿ ಪಾಲುಗೊಂಡರು. ನೋರಾ ಗ್ರೋಸ್ ಎಂಬ ವಿದುಷಿಯು 1985ರಲ್ಲಿ ಇದನ್ನು ಪುಸ್ತಕವಾಗಿ ಬರೆದಳು. ಆ ಊರಲ್ಲಿ ಕಿವುಡನಿಗೆ ಕಿವುಡನೇ ಗೆಳೆಯನಾಗಬೇಕೆಂಬ ಬಲವಂತವಿರಲಿಲ್ಲ, ಆಗಬಾರದೆಂಬ ತಡೆಯೂ ಇರಲಿಲ್ಲ. ನಮ್ಮ ದೇಶದಲ್ಲಿಯೂ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಕುರುಡು ಕಿವುಡುಗಳ ಸಂಗಡ ಸ್ವಲೀನತೆಯನ್ನೂ ದೀರ್ಘಕಾಲದ ನರರೋಗಗಳನ್ನೂ ಸೇರಿಸಿ 21 ಬಗೆಗಳನ್ನು ಒಪ್ಪಿಕೊಂಡಿದೆ. ಕಾಯಿದೆಯು ಹಕ್ಕನ್ನು ಕೊಡಬಲ್ಲದು; ಗೆಳೆಯನನ್ನು ಕೊಡಲಾರದು.

ಆದದರಿಂದ ಪ್ರಿಯರೇ, ನಿಮ್ಮ ಮನೆಯಲ್ಲಿ ಇಂಥ ಮಗುವಿದ್ದರೆ, ಮುಂದಿನ ಊರಿನಲ್ಲಿ ಅದೇ ಕಷ್ಟವುಳ್ಳ ಮತ್ತೊಂದು ಮಗುವಿದೆಯೆಂದು ತಿಳಿದರೆ, ಬರುವ ಸಂತೆಯ ದಿನ ಅವನನ್ನು ಕರಕೊಂಡು ಅವರ ಮನೆಗೆ ಹೋಗಿರಿ. ಮಕ್ಕಳಿಬ್ಬರೂ ಒಂದಾಗುವರೋ ಇಲ್ಲವೋ ಅದು ಅವರಿಗೆ ಬಿಟ್ಟದ್ದು, ತಾಯಂದಿರಿಬ್ಬರಾದರೂ ಮಾತಾಡುವರು. ಯಾವ ಔಷಧವು ಹಿಡಿಯಿತು, ಮೂರ್ಛೆ ಬಂದಾಗ ಬಾಯಿಗೆ ಏನೂ ತುರುಕದೆ, ಕೈಗೆ ಕಬ್ಬಿಣ ಕೊಡದೆ, ಒಂದು ಮಗ್ಗುಲಿಗೆ ಹೊರಳಿಸಿ ಕಾಯತಕ್ಕದ್ದು ಹೇಗೆ, ಶಾಲೆಯ ಮಾಸ್ತರರಿಗೆ ಏನು ಹೇಳಬೇಕು ಎಂಬದನ್ನು ಒಬ್ಬಳು ಇನ್ನೊಬ್ಬಳಿಗೆ ತಿಳಿಸುವಳು. ಮಾಸ್ತರರೇ, ಉಗ್ಗುವವರಿಬ್ಬರು ಒಂದೇ ಬೆಂಚಿನಲ್ಲಿ ಕೂಡಲು ಬಯಸಿದರೆ ಅವರನ್ನು ಬೇರೆ ಮಾಡಬೇಡಿರಿ. ಬಯಸದಿದ್ದರೆ ಒಟ್ಟಿಗೆ ಕೂಡಿಸಲೂ ಬೇಡಿರಿ. ಸಭೆಯ ಹಿರಿಯರೇ, ಅಂಥವರಿಬ್ಬರು ಗುಡಿಯ ಹಿಂದಿನ ಸಾಲಿನಲ್ಲಿ ಒಟ್ಟಿಗೆ ಕುಳಿತದ್ದನ್ನು ಕಂಡರೆ, ಆರಾಧನೆ ಮುಗಿದ ಮೇಲೆ ನೀವೂ ಹೋಗಿ ಅವರ ಬಳಿಯಲ್ಲಿ ಸ್ವಲ್ಪ ಹೊತ್ತು ಕುಳಿತುಕೊಳ್ಳಿರಿ.